ಮಾತಾಡಿದವರಿಗೆ ಏನು ಕೊಡಬೇಕು? ಬಸವನಗುಡಿ, ಜಯನಗರದ ಉಚಿತ ಉಪನ್ಯಾಸಗಳ ಹಿಂದಿನ ಲೆಕ್ಕ

ಊರಲ್ಲಿ ಒಂದು ಕಾರ್ಯಕ್ರಮ ಅಂತ ಇಟ್ಟುಕೊಳ್ಳಿ. ರಾಜ್ಯೋತ್ಸವ ಇರಬಹುದು, ರೈತರ ದಿನ ಇರಬಹುದು, ಶಾಲೆಯ ವಾರ್ಷಿಕೋತ್ಸವ ಇರಬಹುದು. ಶಾಮಿಯಾನದವರಿಗೆ ಮುಂಗಡ ಕೊಟ್ಟಿರುತ್ತೇವೆ. ಮೈಕ್‌ಸೆಟ್ಟಿನವರು ಕಾರ್ಯಕ್ರಮ ಮುಗಿಯುವ ಮುಂಚೆಯೇ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುತ್ತಾರೆ. ಅಡುಗೆಯವರು, ಫ್ಲೆಕ್ಸ್ ಹೊಡೆದವರು, ಫೋಟೋ ತೆಗೆದವರು, ಎಲ್ಲರಿಗೂ ರೇಟು ಉಂಟು. ದೂರದ ಊರಿನಿಂದ ಬಂದು ಮುಕ್ಕಾಲು ಗಂಟೆ ಮಾತಾಡಿದವರಿಗೆ ಮಾತ್ರ ಒಂದು ಹಾರ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ. ಅವರ ಬಸ್ ಚಾರ್ಜು ಯಾರು ಕೊಟ್ಟರು ಅಂತ ಯಾರೂ ಕೇಳುವುದಿಲ್ಲ. ಬಾಯಿಬಿಟ್ಟು ಕೇಳಿದರೆ ಮರ್ಯಾದೆ ಹೋಗುತ್ತದೆ ಅಂತ ಅವರೂ ಸುಮ್ಮನೆ ಹೊರಟುಬಿಡುತ್ತಾರೆ.

ಈ ಪ್ರಶ್ನೆ ನಮ್ಮ ಹಳ್ಳಿಯದು ಮಾತ್ರ ಅಲ್ಲ. ಬೆಂಗಳೂರಿನ ದೊಡ್ಡ ಸಭಾಂಗಣಗಳಲ್ಲಿ ನಡೆಯುವ ಸಾಫ್ಟ್‌ವೇರ್ ಸಮ್ಮೇಳನಗಳಲ್ಲೂ ಇದೇ ಪ್ರಶ್ನೆ ಇದೆ. ಕೇಳಲು ಬಂದವರು ಟಿಕೆಟ್ ಕೊಂಡಿರುತ್ತಾರೆ. ಕಂಪನಿಗಳು ಪ್ರಾಯೋಜಕರಾಗಿ ದುಡ್ಡು ಕೊಟ್ಟಿರುತ್ತವೆ. ವೇದಿಕೆಯ ಮೇಲೆ ನಿಂತು ಮಾತಾಡಿದವರಿಗೆ ಮಾತ್ರ ಹೆಚ್ಚಿನ ಸಲ ಸಿಗುವುದು ಒಂದು ಟೀ ಶರ್ಟು, ಕತ್ತಿಗೆ ಒಂದು ಗುರುತಿನ ಚೀಟಿ.

ಮಾತಾಡುವವರಿಗೆ ದುಡ್ಡು ಕೊಡಬೇಕೋ ಬೇಡವೋ? ಇದಕ್ಕೆ ಉತ್ತರ ಹುಡುಕಲು ನಾವು ದಕ್ಷಿಣ ಬೆಂಗಳೂರಿನ ಚರಿತ್ರೆಯನ್ನು ನೋಡಿದೆವು. ಯಾಕೆಂದರೆ ದುಡ್ಡಿಲ್ಲದೆ ಮಾತಾಡುವ, ದುಡ್ಡಿಲ್ಲದೆ ಕೇಳುವ ಪದ್ಧತಿ ನಮ್ಮ ನಾಡಿನಲ್ಲಿ ಚೆನ್ನಾಗಿ ಬೇರು ಬಿಟ್ಟ ಜಾಗಗಳಲ್ಲಿ ಬಸವನಗುಡಿ ಮತ್ತು ಅದರ ಪಕ್ಕದ ಜಯನಗರ ಮುಖ್ಯವಾದವು. ಆ ಪದ್ಧತಿ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ನಿಂತದ್ದು ಯಾರ ಅನ್ನದ ಮೇಲೆ ಎಂಬುದನ್ನೂ ನೋಡಬೇಕು.

ಹಿಂದೆ ಮಾತಿಗೆ ಬೆಲೆ ಇತ್ತು

ಮಾತಿಗೆ ದುಡ್ಡು ಕೇಳುವುದು ಈಚಿನ ಕಾಲದ ದುರಾಸೆ ಅಂತ ಹಿರಿಯರು ಹೇಳುವುದುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ನಾಗಾವಿ ಎಂಬ ಊರಿದೆ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಒಂದು ದೊಡ್ಡ ವಿದ್ಯಾಕೇಂದ್ರ ಇತ್ತು. ಅದನ್ನು ಘಟಿಕಾಸ್ಥಾನ ಎನ್ನುತ್ತಿದ್ದರು. 1058ರ ಶಾಸನದಲ್ಲಿ ಅದರ ವಿವರ ಸಿಗುತ್ತದೆ. ಪಾಠ ಹೇಳುವವರಿಗೂ ಪುಸ್ತಕ ಭಂಡಾರ ನೋಡಿಕೊಳ್ಳುವವರಿಗೂ ಭೂಮಿ ಬಿಟ್ಟುಕೊಟ್ಟಿದ್ದರು. ಅಂದರೆ ವಿದ್ಯೆ ಕಲಿಯುವವನಿಗೆ ಉಚಿತ, ಹೇಳುವವನ ಮನೆಗೆ ಹೊಲದಿಂದ ಕಾಳು. ಕೇಳುವವನು ಕೊಡಲಿಲ್ಲ ಅಂದ ಮಾತ್ರಕ್ಕೆ ಯಾರೂ ಕೊಡಲಿಲ್ಲ ಎಂದಲ್ಲ. ಈ ಮಾತು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಹರಿಕತೆಯನ್ನೇ ನೋಡಿ. ಮಂಗಳಾರತಿ ಆದಮೇಲೆ ತಟ್ಟೆ ಜನರ ನಡುವೆ ಬರುತ್ತಿತ್ತು. ಒಬ್ಬರು ಕಾಸು ಹಾಕಿದರೆ ಇನ್ನೊಬ್ಬರು ನೋಟು ಹಾಕುತ್ತಿದ್ದರು, ಇಲ್ಲದವರು ಕೈಮುಗಿಯುತ್ತಿದ್ದರು. ದಾಸರಿಗೆ ಅಕ್ಕಿ, ಬೇಳೆ, ಪಂಚೆ, ದಕ್ಷಿಣೆ ಎಲ್ಲವೂ ಸೇರಿ ಸಂಭಾವನೆ ಆಗುತ್ತಿತ್ತು. ಕತೆ ಕೇಳಲು ಟಿಕೆಟ್ ಇರಲಿಲ್ಲ, ಆದರೆ ದಾಸರು ಬರಿಗೈಯಲ್ಲಿ ಹೋದರೆ ಅದು ಊರಿಗೆ ಅವಮಾನ.

ಕರಾವಳಿಯ ತಾಳಮದ್ದಳೆ ಇನ್ನೂ ಒಳ್ಳೆಯ ಉದಾಹರಣೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಬರೆದಿಟ್ಟುಕೊಂಡ ಮಾತಲ್ಲ, ಅಲ್ಲೇ ಹುಟ್ಟಿದ ಮಾತು. ಕಾಸರಗೋಡಿನ ಕನ್ನಡ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹರಿಕತೆ ಹೇಳಿದರು, ಯಕ್ಷಗಾನದ ಮೇಳಗಳಲ್ಲಿ ಪಾತ್ರ ಮಾಡಿದರು, ತಾಳಮದ್ದಳೆಯ ದೊಡ್ಡ ಅರ್ಥಧಾರಿ ಎನಿಸಿದರು. ಮಾತೇ ಅವರ ಕಸುಬು. ಅಂಥವರನ್ನು ಕರೆಸುವವರು ಸಂಭಾವನೆ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳುತ್ತಿದ್ದರು. ಅದರಿಂದ ಅವರ ಮಾತಿನ ತೂಕ ಕಡಿಮೆಯಾಯಿತು ಎಂದು ಯಾರೂ ಹೇಳಲಿಲ್ಲ.

ಹಾಗಾದರೆ ಮಾತು ಉಚಿತವಾಗಿರಬೇಕು ಎಂಬ ಭಾವನೆ ಎಲ್ಲಿಂದ ಬಂತು?

ಬಸವನಗುಡಿಯ ವ್ರತ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ದಕ್ಷಿಣದಲ್ಲಿ ಬಸವನಗುಡಿ, ಉತ್ತರದಲ್ಲಿ ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳು ಎದ್ದವು. ಬಸವನಗುಡಿಗೆ ಬಂದವರಲ್ಲಿ ಮೇಷ್ಟರುಗಳು, ಸರ್ಕಾರಿ ನೌಕರರು, ವಕೀಲರು ಬಹಳ ಮಂದಿ. ತಿಂಗಳಿಗೊಮ್ಮೆ ಸಂಬಳ ಬರುವ ಮನೆಗಳು. 1917ರಲ್ಲಿ ಅಲ್ಲಿ ನ್ಯಾಷನಲ್ ಹೈಸ್ಕೂಲು ಶುರುವಾಯಿತು, 1945ರಲ್ಲಿ ನ್ಯಾಷನಲ್ ಕಾಲೇಜು. ಸಂಜೆ ಹೊತ್ತು ಒಂದು ಸಭೆ, ಒಂದು ಉಪನ್ಯಾಸ, ಅದಾದ ಮೇಲೆ ಒಂದು ಕಾಫಿ. ಇದು ಆ ಬಡಾವಣೆಯ ಅಭ್ಯಾಸವಾಯಿತು.

ಅದೇ 1945ರಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಬುಲ್ ಟೆಂಪಲ್ ರಸ್ತೆಯಲ್ಲಿ, ನರಸಿಂಹರಾಜ ಕಾಲೋನಿಯಲ್ಲಿ ಅದು ಈಗಲೂ ಇದೆ. ಡಿವಿಜಿ ಮುಳಬಾಗಿಲಿನವರು, ಹುಟ್ಟಿದ್ದು 1887ರಲ್ಲಿ. ನಮ್ಮ ಕಸುಬಿನವರೇ, ಪತ್ರಕರ್ತರು. ರಾಜಕೀಯ, ಆಡಳಿತ, ಕಾವ್ಯ, ಗೀತೆ, ಹೀಗೆ ಎಲ್ಲದರ ಮೇಲೂ ಅಲ್ಲಿ ಮಾತು ನಡೆಯುತ್ತಿತ್ತು. ಗೀತೆಯ ಮೇಲೆ ಅವರು ಅಲ್ಲಿ ನಡೆಸಿದ ಉಪನ್ಯಾಸಗಳಿಂದಲೇ ಒಂದು ದೊಡ್ಡ ಪುಸ್ತಕ ಹುಟ್ಟಿತು. ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಡಿವಿಜಿಯವರಿಗೆ ದುಡ್ಡಿನ ವಿಷಯದಲ್ಲಿ ಒಂದು ವ್ರತ ಇತ್ತು. ಸಾರ್ವಜನಿಕ ಕೆಲಸಕ್ಕೆ ಹಣ ಮುಟ್ಟಿದರೆ ನಾಲಗೆ ಕಟ್ಟಿಹೋಗುತ್ತದೆ ಎಂಬ ಎಚ್ಚರ. ಸರ್ಕಾರದಿಂದ ಬಂದ ಚೆಕ್ಕುಗಳನ್ನು ಬ್ಯಾಂಕಿಗೆ ಹಾಕದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರು ಎಂಬ ಕತೆಯನ್ನು ಬಸವನಗುಡಿಯ ಜನ ಇವತ್ತಿಗೂ ಹೇಳುತ್ತಾರೆ. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಅವರಿಗೆ ದೊಡ್ಡ ಸನ್ಮಾನ ನಡೆದು ನಿಧಿ ಅರ್ಪಿಸಿದಾಗ ಅವರು ಅದನ್ನು ಮನೆಗೆ ಒಯ್ಯಲಿಲ್ಲ, ಗೋಖಲೆ ಸಂಸ್ಥೆಗೇ ಕೊಟ್ಟರು.

ಇಂಥವರ ಎದುರು ನಿಂತು ಮಾತಿಗೆ ದುಡ್ಡು ಕೇಳುವ ಧೈರ್ಯ ಯಾರಿಗೆ ಬರಬೇಕು? ಡಿವಿಜಿ ಮಾಡಿದ್ದು ಅವರ ಆಯ್ಕೆ. ಅವರನ್ನು ನೋಡಿ ಬೆಳೆದ ಊರಿನಲ್ಲಿ ನಿಧಾನಕ್ಕೆ ಅದು ಎಲ್ಲರಿಗೂ ಅನ್ವಯಿಸುವ ರೂಢಿಯಾಯಿತು.

ಆದರೆ ಸಂಸ್ಥೆಗೆ ಯಾರ ಹೆಸರಿಟ್ಟಿದ್ದಾರೋ ಆ ಗೋಪಾಲಕೃಷ್ಣ ಗೋಖಲೆಯವರ ಲೆಕ್ಕವನ್ನೂ ನೋಡಬೇಕು. ಗೋಖಲೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಹೆಚ್ಚುಕಡಿಮೆ 20 ವರ್ಷ ಪಾಠ ಹೇಳಿದರು. ತಿಂಗಳಿಗೆ 75 ರೂಪಾಯಿಗೆ ದುಡಿಯುತ್ತೇವೆ ಎಂದು ಅಲ್ಲಿನ ಆಜೀವ ಸದಸ್ಯರು ಮಾತು ಕೊಟ್ಟಿದ್ದರು. ಅವರ ಓದಿಗೆ ಬೇರೆ ಕಡೆ ಸಿಗುತ್ತಿದ್ದುದಕ್ಕಿಂತ ಅದು ಕಡಿಮೆ, ಆದರೆ ಸೊನ್ನೆ ಅಲ್ಲ. 1905ರಲ್ಲಿ ಅವರು ಭಾರತ ಸೇವಕರ ಸಂಘ ಕಟ್ಟಿದಾಗ ಸದಸ್ಯರಿಂದ ಪ್ರತಿಜ್ಞೆ ಮಾಡಿಸಿದರು. ಅದರಲ್ಲಿ ಒಂದು ಹೀಗಿತ್ತು: ನನಗೂ ನನ್ನ ಸಂಸಾರಕ್ಕೂ ಸಂಘ ಏನು ಏರ್ಪಾಡು ಮಾಡುತ್ತದೋ ಅದರಲ್ಲಿ ತೃಪ್ತಿಯಾಗಿರುತ್ತೇನೆ, ಸ್ವಂತಕ್ಕೆ ದುಡ್ಡು ಮಾಡುವುದಿಲ್ಲ. ಇದರಲ್ಲಿ ಎರಡು ಭಾಗ ಇದೆ. ಸೇವಕ ದುಡ್ಡು ಮಾಡಬಾರದು. ಸಂಘ ಅವನ ಸಂಸಾರ ನೋಡಿಕೊಳ್ಳಬೇಕು. ನಾವು ಮೊದಲ ಭಾಗವನ್ನು ಮಾತ್ರ ನೆನಪಿಟ್ಟುಕೊಂಡೆವು.

ಬುಧವಾರದ ವಿಜ್ಞಾನ

ಬಸವನಗುಡಿಯ ಎರಡನೇ ದೊಡ್ಡ ಹೆಸರು ಡಾ. ಎಚ್. ನರಸಿಂಹಯ್ಯ. ಎಲ್ಲರ ಬಾಯಲ್ಲಿ ಎಚ್ಚೆನ್. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದವರು. ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ. ಅಮೆರಿಕದ ಒಹಾಯೊದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದಮೇಲೂ ಖಾದಿ ಬಿಡಲಿಲ್ಲ. ಮದುವೆ ಆಗಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕಿದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು.

1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು. ಬುಧವಾರ ಬುಧವಾರ ಸಂಜೆ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನದ ಉಪನ್ಯಾಸ. ಜುಲೈ ತಿಂಗಳಲ್ಲಿ ವಿಜ್ಞಾನದ ಹಬ್ಬ. ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಟಿಕೆಟ್ ಇಲ್ಲ, ಗುರುತಿನ ಚೀಟಿ ಇಲ್ಲ. 1948ರಲ್ಲಿ ಅಡಿಪಾಯ ಬಿದ್ದ ಜಯನಗರ ಬೆಳೆದು, 1965ರಲ್ಲಿ ಅಲ್ಲೂ ಒಂದು ನ್ಯಾಷನಲ್ ಕಾಲೇಜು ಬಂತು. ಹೀಗೆ ಬಸವನಗುಡಿಯ ಅಭ್ಯಾಸ ಜಯನಗರಕ್ಕೂ ಹರಿಯಿತು. ಹಳ್ಳಿಯಿಂದ ಬಂದು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ದೊಡ್ಡ ವಿಜ್ಞಾನಿಯ ಬಾಯಿಂದಲೇ ನಕ್ಷತ್ರದ ಕತೆ ಕೇಳಬಹುದಿತ್ತು. ಒಂದು ಪೈಸೆ ಖರ್ಚಿಲ್ಲ. ಇದಕ್ಕಿಂತ ದೊಡ್ಡ ಉಪಕಾರ ಯಾವುದು?

ಈಗ ಮಾತಾಡಲು ಬಂದವರ ಕಡೆಗೆ ನೋಡೋಣ. ಇದು ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಖಭೌತ ಸಂಸ್ಥೆ, ಇಸ್ರೋ ಎಲ್ಲವೂ ಇರುವ ನಗರ. ಅಂಥ ಕಡೆಯ ವಿಜ್ಞಾನಿಗಳಿಗೆ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಬುಧವಾರ ಸಂಜೆ ಒಂದು ಗಂಟೆ ಮಾತಾಡಿದರೆ ಅವರ ಆ ದಿನದ ಸಂಬಳ ಕಡಿತವಾಗುವುದಿಲ್ಲ. ಅವರ ಜ್ಞಾನಕ್ಕೆ ಸರ್ಕಾರ, ಅಂದರೆ ತೆರಿಗೆ ಕಟ್ಟುವ ನಾವು ನೀವು, ಮೊದಲೇ ಬೆಲೆ ಕೊಟ್ಟಾಗಿದೆ. ಅವರು ಉಚಿತವಾಗಿ ಬಂದು ಹೇಳುವುದು ಒಂದು ರೀತಿಯಲ್ಲಿ ನಮಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದೇ.

ಹಳೇ ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳೂ ಹೀಗೇ. ಸ್ವಾತಂತ್ರ್ಯಕ್ಕೆ ಮೊದಲೇ ಪ್ರಾಧ್ಯಾಪಕರು ಸಣ್ಣ ಸಣ್ಣ ಊರಿಗೆ ಹೋಗಿ ಜನರಿಗೆ ತಿಳಿಯುವ ಕನ್ನಡದಲ್ಲಿ ಇತಿಹಾಸ, ಆರೋಗ್ಯ, ವಿಜ್ಞಾನ ಹೇಳಿ ಬರುತ್ತಿದ್ದರು. ಆ ಮಾತುಗಳನ್ನು ಸಣ್ಣ ಪುಸ್ತಕಗಳಾಗಿಯೂ ವಿಶ್ವವಿದ್ಯಾಲಯ ಅಚ್ಚು ಹಾಕಿಸಿತು. ಊರಿನವರು ಕೊಡಲಿಲ್ಲ, ಹೋದವರ ಮನೆಯ ಒಲೆಯೂ ಆರಲಿಲ್ಲ. ನಾಗಾವಿಯ ಹೊಲದ ಜಾಗದಲ್ಲಿ ಈಗ ಸಂಬಳ ಬಂದಿತ್ತು, ಅಷ್ಟೇ.

ಆದ್ದರಿಂದ ಬಸವನಗುಡಿಯ ಉಚಿತ ಉಪನ್ಯಾಸ ನಿಜವಾಗಿ ಉಚಿತ ಆಗಿರಲಿಲ್ಲ. ಬೆಲೆಯನ್ನು ಬೇರೆಯವರು ಬೇರೆ ಜಾಗದಲ್ಲಿ ಕೊಟ್ಟಿರುತ್ತಿದ್ದರು. ನಾವು ಹೇಳಬೇಕೆಂದಿರುವುದು ಇದೇ. ಆ ಸಂಬಳ ಇಲ್ಲದವರಿಂದಲೂ ಅದೇ ಉಚಿತವನ್ನು ಕೇಳಿದರೆ, ಬೆಲೆಯನ್ನು ಅವರ ಮನೆಯವರೇ ಕೊಡಬೇಕಾಗುತ್ತದೆ.

ವಿವೇಕಾನಂದರು ಕಂಡುಕೊಂಡ ದಾರಿ

ಹೊರದೇಶಗಳಲ್ಲಿ ಮಾತಿಗೆ ಟಿಕೆಟ್ ಇಡುವುದು ಹಳೆಯ ಪದ್ಧತಿ. ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ವ್ಯಾಪಾರದಲ್ಲಿ ಕೈಸುಟ್ಟುಕೊಂಡು ಸಾಲದಲ್ಲಿ ಮುಳುಗಿದ್ದರು. 1895ರಲ್ಲಿ ಲೋಕ ಸುತ್ತಿ ಭಾಷಣ ಮಾಡಲು ಹೊರಟರು. 1896ರಲ್ಲಿ ನಮ್ಮ ದೇಶಕ್ಕೂ ಬಂದು ಮುಂಬೈ, ಕೋಲ್ಕತ್ತ ಮೊದಲಾದ ಕಡೆ ಟಿಕೆಟ್ ಇಟ್ಟು ಮಾತಾಡಿದರು. ಹಾಗೆ ದುಡಿದು, ಬರೆದು ಸಾಲವನ್ನೆಲ್ಲ ತೀರಿಸಿದರು.

ಸ್ವಾಮಿ ವಿವೇಕಾನಂದರ ಕತೆ ಇದಕ್ಕಿಂತ ಹತ್ತಿರದ್ದು. 1892ರಲ್ಲಿ ಬೆಂಗಳೂರಿಗೂ ಬಂದಿದ್ದ ಅವರು ಮುಂದಿನ ವರ್ಷ ಶಿಕಾಗೋದಲ್ಲಿ ಮಾತಾಡಿ ಹೆಸರಾದರು. ಆಮೇಲೆ ಅಲ್ಲಿನ ಒಂದು ಭಾಷಣ ಕಂಪನಿಯ ಜೊತೆ ಕರಾರು ಮಾಡಿಕೊಂಡು ಊರೂರು ಸುತ್ತಿದರು. ಸಭೆಗೆ ದುಡ್ಡು ಬಂತು, ಆದರೆ ಅದರಲ್ಲಿ ಹೆಚ್ಚು ಪಾಲು ಕಂಪನಿಗೆ ಹೋಗುತ್ತಿತ್ತು. 1894ರಲ್ಲಿ ಆ ಕರಾರಿನಿಂದ ಬಿಡಿಸಿಕೊಂಡರು. ಆಮೇಲೆ ನ್ಯೂಯಾರ್ಕಿನಲ್ಲಿ ವೇದಾಂತದ ತರಗತಿಗಳನ್ನು ಉಚಿತವಾಗಿ ನಡೆಸಿದರು. ಬಾಡಿಗೆ, ಊಟದ ಖರ್ಚಿಗೆ ಜನ ತಾವಾಗಿ ಕೊಟ್ಟದ್ದನ್ನೂ ಸಾರ್ವಜನಿಕ ಭಾಷಣಗಳಿಂದ ಬಂದದ್ದನ್ನೂ ಬಳಸಿದರು.

ಇದರಲ್ಲಿ ಒಂದು ವಿವೇಕ ಇದೆ. ಯಾವುದು ಉಚಿತ, ಯಾವುದಕ್ಕೆ ದುಡ್ಡು ಎಂದು ಅವರೇ ತೀರ್ಮಾನ ಮಾಡಿದರು. ಕರೆಸಿದವರು ಅವರ ಪರವಾಗಿ ತ್ಯಾಗ ಮಾಡಲಿಲ್ಲ. ನಮ್ಮಲ್ಲಿ ಅನೇಕ ಸಲ ಆಗುವುದು ಇದರ ಉಲ್ಟಾ. ಅವರು ದುಡ್ಡಿಗೆ ಆಸೆ ಪಡುವವರಲ್ಲ ಎಂದು ಸಂಘಟಕರೇ ಹೇಳಿಬಿಡುತ್ತಾರೆ.

ಆಕಾಶವಾಣಿಯ ಒಂದು ಹಾಳೆ

ಕರ್ನಾಟಕದಲ್ಲಿ ಮಾತಿಗೆ ದುಡ್ಡು ಕೊಡುವ ವಿಷಯದಲ್ಲಿ ತಕರಾರಿಲ್ಲದ ಒಂದು ಜಾಗ ಇದೆ. ಅದು ರೇಡಿಯೋ.

1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರಿಗೂ ಸಂಬಳ ಇತ್ತು, ಆ ಬಲದ ಮೇಲೆ ಈ ಹುಚ್ಚು ಸಾಹಸ. 1955ರಲ್ಲಿ ಬೆಂಗಳೂರಿನ ಆಕಾಶವಾಣಿ ಕೇಂದ್ರ ಬಂತು. ಆಗಿನಿಂದ ಎಷ್ಟು ಸಾಹಿತಿಗಳು, ಡಾಕ್ಟರುಗಳು, ರೈತರು ಆಕಾಶವಾಣಿಯ ಮೈಕಿನ ಮುಂದೆ ಕೂತಿದ್ದಾರೋ ಲೆಕ್ಕವಿಲ್ಲ.

ಅಲ್ಲಿನ ಕ್ರಮ ಸರಳ. ಹೊರಗಿನಿಂದ ಕರೆಸಿದವರಿಗೆ ಒಂದು ಕರಾರು ಪತ್ರ ಬರುತ್ತದೆ. ವಿಷಯ ಏನು, ಯಾವ ದಿನ, ಎಷ್ಟು ನಿಮಿಷ, ಎಷ್ಟು ಹಣ, ಎಲ್ಲವೂ ಅದರಲ್ಲಿ ಇರುತ್ತದೆ. ಒಪ್ಪಿಗೆ ಇದ್ದರೆ ಸಹಿ. ಕೃಷಿರಂಗದಲ್ಲಿ ತನ್ನ ಬೆಳೆಯ ಬಗ್ಗೆ ಮಾತಾಡಲು ಹೋದ ರೈತನಿಗೂ ಇದೇ ರೀತಿ. ಹಣ ದೊಡ್ಡದಲ್ಲ. ಆದರೆ ಸಂಕೋಚಕ್ಕೆ ಅಲ್ಲಿ ಜಾಗವಿಲ್ಲ. ಕೇಳುವವನು ಕೈಚಾಚಬೇಕಿಲ್ಲ, ಕೊಡುವವನು ಉಪಕಾರ ಮಾಡಿದ ಮುಖ ಮಾಡಬೇಕಿಲ್ಲ. ಇಷ್ಟು ವರ್ಷ ಮಾತಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಆಕಾಶವಾಣಿಯ ಭಾಷಣಗಳು ಕೆಟ್ಟುಹೋಗಲಿಲ್ಲ. ಅನೇಕ ಒಳ್ಳೆಯ ಪುಸ್ತಕಗಳೇ ಅದರಿಂದ ಬಂದಿವೆ.

ಸಂಗೀತದಲ್ಲೂ ಹೀಗೇ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತೋತ್ಸವ ಬೆಂಗಳೂರಿಗೆಲ್ಲ ಗೊತ್ತು. ಶ್ರೀರಾಮಸೇವಾ ಮಂಡಳಿ ಅದನ್ನು 1939ರಿಂದ ನಡೆಸುತ್ತಿದೆ. ದೇವರ ಹೆಸರಿನ ಉತ್ಸವವೇ ಆದರೂ ಹೆಸರಾಂತ ಗಾಯಕರನ್ನು ಬರೀ ಪ್ರಸಾದ ಕೊಟ್ಟು ಕಳಿಸುತ್ತೇವೆ ಎಂದು ಯಾರೂ ಯೋಚಿಸುವುದಿಲ್ಲ. ಜೆ.ಪಿ. ನಗರದಲ್ಲಿ 2004ರಲ್ಲಿ ಬಾಗಿಲು ತೆರೆದ ರಂಗಶಂಕರದಲ್ಲಿ ನಾಟಕಕ್ಕೆ ಟಿಕೆಟ್ ಇದೆ, ಜನ ಸಾಲಿನಲ್ಲಿ ನಿಂತು ಕೊಳ್ಳುತ್ತಾರೆ. ಹಾಡಿಗೆ, ನಾಟಕಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು ಎಂದು ನಮಗೆ ಗೊತ್ತು. ಮಾತಿಗೂ ಬೇಕು ಎಂಬುದು ಮಾತ್ರ ಮರೆತುಹೋಗುತ್ತದೆ. ಒಂದು ಗಂಟೆಯ ಒಳ್ಳೆಯ ಉಪನ್ಯಾಸದ ಹಿಂದೆ ಹಲವು ದಿನದ ಓದು, ಟಿಪ್ಪಣಿ, ಓಡಾಟ ಇರುತ್ತದೆ.

ಈಗಿನ ಸಮ್ಮೇಳನಗಳು

ಈಗ ಹೊಸೂರು ರಸ್ತೆಗೆ ಬರೋಣ. ಜಯನಗರಕ್ಕೂ ಬಿಟಿಎಂ ಬಡಾವಣೆಗೂ ಸಮೀಪದಲ್ಲೇ ನಿಮ್ಹಾನ್ಸ್‌ನ ಸಮಾವೇಶ ಕೇಂದ್ರ ಇದೆ. ವೈದ್ಯರ ಸಮ್ಮೇಳನ, ಕಂಪ್ಯೂಟರಿನವರ ಸಮ್ಮೇಳನ ಅಲ್ಲಿ ನಡೆಯುತ್ತಿರುತ್ತವೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಳಸುವವರ ದೇಶಮಟ್ಟದ ಸಮ್ಮೇಳನ ಪೈಕಾನ್ ಇಂಡಿಯಾ 2013, 2014, 2015ರಲ್ಲಿ ಅಲ್ಲೇ ನಡೆಯಿತು. ಸಂಬಳ ಇಲ್ಲದ ಸ್ವಯಂಸೇವಕರು ನಡೆಸುವ ಸಮ್ಮೇಳನ ಅದು. ಟಿಕೆಟ್ ಇದೆ, ಪ್ರಾಯೋಜಕರಿದ್ದಾರೆ, ಬಂದ ಹಣ ಸಭಾಂಗಣ, ಊಟ, ಏರ್ಪಾಡಿಗೆ ಹೋಗುತ್ತದೆ.

ಇಂಥ ಸಮ್ಮೇಳನಗಳಲ್ಲಿ ಭಾಷಣಕ್ಕೆ ಫೀಸು ಕೊಡುವ ರೂಢಿ ಇಲ್ಲ. ಅಮೆರಿಕದ ಪೈಕಾನ್‌ನಲ್ಲಂತೂ ಇನ್ನೂ ಬಿಗಿ. ಮಾತಾಡುವವರೂ, ಸಂಘಟಕರೂ ತಮ್ಮ ಟಿಕೆಟ್ ತಾವೇ ಕೊಳ್ಳಬೇಕು ಎಂಬುದು ಅಲ್ಲಿನ ನಿಯಮವಾಗಿ ಬಂದಿದೆ. ಕೈಯಲ್ಲಿ ಇಲ್ಲದವರು ಸಹಾಯಧನಕ್ಕೆ ಅರ್ಜಿ ಹಾಕಬಹುದು. ಎಲ್ಲರೂ ಒಂದೇ ಪಂಕ್ತಿ, ಯಾರೂ ದೊಡ್ಡವರಲ್ಲ ಎಂಬ ಆಲೋಚನೆ ಅದರ ಹಿಂದಿದೆ. ಒಪ್ಪುವಂಥ ಆಲೋಚನೆಯೇ.

ಆದರೆ ಅದೂ ಬಸವನಗುಡಿಯ ಲೆಕ್ಕವೇ. ಅಲ್ಲಿ ಮಾತಾಡುವವರಲ್ಲಿ ಹೆಚ್ಚಿನವರಿಗೆ ಕಂಪನಿಯ ಸಂಬಳ ಇದೆ. ಅನೇಕ ಸಲ ಪ್ರಯಾಣದ ಖರ್ಚನ್ನೂ ಕಂಪನಿಯೇ ಕೊಡುತ್ತದೆ. ಚೆನ್ನಾಗಿ ಮಾತಾಡಿದರೆ ಹೆಸರು ಬರುತ್ತದೆ, ಮುಂದಿನ ಕೆಲಸಕ್ಕೆ ದಾರಿ ಆಗುತ್ತದೆ. ಸ್ವಂತವಾಗಿ ಸಣ್ಣಪುಟ್ಟ ಕೆಲಸ ಹಿಡಿದು ಬದುಕುವವರಿಗೆ, ಸಣ್ಣ ಊರಿನಿಂದ ಬರುವವರಿಗೆ, ಮಗು ಇರುವ ತಾಯಂದಿರಿಗೆ ಎರಡು ದಿನದ ಸಮ್ಮೇಳನ ಅಂದರೆ ಎರಡು ದಿನದ ದುಡಿಮೆ ಹೋಯಿತು ಎಂದೇ ಅರ್ಥ. ಹೀಗಾಗಿ ಅವರು ಬರುವುದಿಲ್ಲ. ಬಾರದವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಹೀಗೆ ಸಂಬಳ ಇರುವವರ ಅನುಭವವೇ ಎಲ್ಲರ ಅನುಭವ ಎಂದು ದಾಖಲಾಗುತ್ತಾ ಹೋಗುತ್ತದೆ.

ದುಡ್ಡು ಮಾಡಲೆಂದೇ ನಡೆಸುವ ಸಮ್ಮೇಳನಗಳ ವಿಷಯ ಬೇರೆ. ಅಲ್ಲಿ ಹೆಸರಿರುವ ಒಬ್ಬರಿಗೆ ದೊಡ್ಡ ಮೊತ್ತ, ಉಳಿದವರಿಗೆ ನಿಮಗೆ ಪ್ರಚಾರ ಸಿಗುತ್ತದೆ ಎಂಬ ಮಾತು. ನಾವೂ ಈ ಮಾತು ಕೇಳಿ ಬೆಳೆದವರೇ. ಜಿಲ್ಲೆಯಲ್ಲಿ ಸುದ್ದಿಗೆ ಇಷ್ಟು ಎಂದು ಎಣಿಸಿ ದುಡ್ಡು ಪಡೆಯುವವರಿಗೆ, ಹೆಸರು ಅಚ್ಚಾದರೆ ಸಾಲದೆ ಎಂಬ ಮಾತಿನ ರುಚಿ ಚೆನ್ನಾಗಿ ಗೊತ್ತು. ಹೆಸರು ಕೊಟ್ಟು ಕಿರಾಣಿ ಅಂಗಡಿಯಲ್ಲಿ ಅಕ್ಕಿ ತರಲಾಗುವುದಿಲ್ಲ.

ಹಳ್ಳಿಯಿಂದ ಕರೆಸಿದವರ ಒಂದು ದಿನ

ಈಚೆಗೆ ನಗರದ ಸಭೆಗಳಿಗೆ ಹಳ್ಳಿಯವರನ್ನು ಕರೆಸುವುದು ಹೆಚ್ಚಾಗಿದೆ. ಸಾವಯವ ಕೃಷಿ ಮಾಡಿದವರು, ನಾಟಿ ಬೀಜ ಉಳಿಸಿದವರು, ಸೋಬಾನೆ ಪದ ಗೊತ್ತಿರುವ ಅಜ್ಜಿ, ಕೈಮಗ್ಗದವರು, ಆಶಾ ಕಾರ್ಯಕರ್ತೆಯರು. ಕರಪತ್ರದಲ್ಲಿ ಅವರನ್ನು ಸಂಪನ್ಮೂಲ ವ್ಯಕ್ತಿ ಎಂದು ಬರೆಯುತ್ತಾರೆ. ಪದ ದೊಡ್ಡದು.

ಅಂಥವರೊಬ್ಬರ ಒಂದು ದಿನವನ್ನು ನೀವೇ ಲೆಕ್ಕ ಹಾಕಿ ನೋಡಿ. ಚಾಮರಾಜನಗರದ ಕಡೆಯ ಹಳ್ಳಿಯಿಂದ ಬನಶಂಕರಿಯ ಸಭಾಂಗಣಕ್ಕೆ ಹತ್ತು ಗಂಟೆಗೆ ಬರಬೇಕು ಅಂದರೆ ಕತ್ತಲೆಯಲ್ಲೇ ಮನೆ ಬಿಡಬೇಕು. ಬೆಳಗಿನ ಹಾಲು ಕರೆಯಲು ಬೇರೆಯವರನ್ನು ಗೊತ್ತುಮಾಡಬೇಕು. ಅವತ್ತಿನ ಕೂಲಿ ಇಲ್ಲ, ಅಥವಾ ಹೊಲಕ್ಕೆ ಆಳು ಇಡಬೇಕು. ಬಸ್ಸು, ಆಮೇಲೆ ಮೆಟ್ರೊ ಅಥವಾ ಆಟೊ. ವಾಪಸ್ ಮನೆ ಸೇರುವಾಗ ರಾತ್ರಿ. ಇದರ ಪಕ್ಕಕ್ಕೆ ನಿಮ್ಮ ಊರಿನ ಕೂಲಿ ದರ ಹಾಕಿ. ಬಂದ ಮೊತ್ತವನ್ನು ಶಾಲಿನ ಬೆಲೆ ಜೊತೆ ಹೋಲಿಸಿ.

2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆ ಒಂದು ಖರ್ಚು ಉಳಿಯಿತು ನಿಜ. ಬಸ್ಸು ಉಚಿತ ಆಯಿತು ಅಂತ ಅವರ ದಿನವೂ ಉಚಿತ ಆಗಲಿಲ್ಲ.

ಅದೇ ವೇದಿಕೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತ ಅಧಿಕಾರಿಗೆ ಅದು ಕೆಲಸದ ದಿನ, ಸಂಬಳವೂ ಉಂಟು, ಪ್ರಯಾಣ ಭತ್ಯೆಯೂ ಉಂಟು. ಪ್ರಾಧ್ಯಾಪಕರಿಗೆ ಅನ್ಯಕಾರ್ಯ ನಿಮಿತ್ತ ರಜೆ ಉಂಟು. ಎಲ್ಲರಿಗಿಂತ ಕಡಿಮೆ ಇರುವವರೇ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡು ಮನೆಗೆ ಹೋಗುತ್ತಾರೆ. ಇದನ್ನು ಸನ್ಮಾನ ಅನ್ನುತ್ತೇವೆ.

ಎದುರು ಮಾತು

ದುಡ್ಡು ಬಂದರೆ ಮಾತು ಕೊಟ್ಟವನ ಕಡೆ ವಾಲುತ್ತದೆ ಎಂಬ ಡಿವಿಜಿಯವರ ಎಚ್ಚರ ಇವತ್ತಿಗೂ ನಿಜ. ಗೊಬ್ಬರದ ಕಂಪನಿ ದುಡ್ಡು ಕೊಟ್ಟು ಕರೆಸಿದವರು ಆ ಗೊಬ್ಬರದ ದೋಷ ಹೇಳುವುದು ಕಷ್ಟ. ಆದರೆ ಸ್ವಂತ ಖರ್ಚಿನಲ್ಲಿ ಬಂದು ಸೋತವನಿಗೆ ಮುಂದಿನ ಸಲ ಆ ಕಂಪನಿಯ ಕರೆಯೇ ದಾರಿಯಾಗುತ್ತದೆ ಎಂಬುದೂ ನಿಜ. ಸಭೆ ನಡೆಸುವವರೇ ನ್ಯಾಯವಾದ ಒಂದು ಮೊತ್ತವನ್ನು ಎಲ್ಲರಿಗೂ ತಿಳಿಯುವಂತೆ ಕೊಟ್ಟರೆ ನಾಲಗೆ ಉಳಿಯುವ ಸಾಧ್ಯತೆ ಹೆಚ್ಚು. ಗುಟ್ಟಾಗಿ ಬಂದ ದುಡ್ಡೇ ನಾಲಗೆ ಕಟ್ಟುವುದು.

ಇನ್ನೊಂದು ಮಾತು: ನಮ್ಮ ಊರಿನ ಗ್ರಂಥಾಲಯ, ಯುವಕ ಸಂಘ, ಸ್ತ್ರೀಶಕ್ತಿ ಸಂಘ ಎಲ್ಲಿಂದ ಕೊಡಬೇಕು? ದುಡ್ಡು ಕಡ್ಡಾಯ ಮಾಡಿದರೆ ಸಭೆಗಳೇ ನಿಂತುಹೋಗುತ್ತವೆ. ಇದೂ ಸರಿಯೇ. ಬುಧವಾರದ ಉಪನ್ಯಾಸಕ್ಕೆ ಫೀಸು ಕೇಳುವ ಪರಿಸ್ಥಿತಿ ಬಂದರೆ ಎಚ್ಚೆನ್ ಕಟ್ಟಿದ್ದು ಉಳಿಯುವುದಿಲ್ಲ. ಅದು ಹಾಗೇ ಇರಲಿ ಎಂದೇ ನಮ್ಮ ಆಸೆ.

ಹಾಗಾಗಿ ಎಲ್ಲರಿಗೂ ಒಂದೇ ಕಾನೂನು ಬೇಡ. ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಈ ಸಭೆಯಿಂದ ಯಾರಿಗಾದರೂ ದುಡ್ಡು ಬರುತ್ತಿದೆಯೇ? ಟಿಕೆಟ್ ಇದ್ದರೆ, ಪ್ರಾಯೋಜಕರಿದ್ದರೆ, ಸರ್ಕಾರದ ಅನುದಾನ ಇದ್ದರೆ ಮಾತಾಡುವವರಿಗೂ ಅದರಲ್ಲಿ ಪಾಲು ಇರಬೇಕು. ಮೈಕಿನವರಿಗೆ, ಶಾಮಿಯಾನದವರಿಗೆ ಕೊಡುತ್ತಿದ್ದೇವೆಯೇ? ಅವರಿಗೆ ಕೊಡಲು ಇದ್ದದ್ದು ಇವರ ಹೊತ್ತಿಗೆ ಇಲ್ಲ ಎನ್ನುವುದು ನ್ಯಾಯವಲ್ಲ. ಬರುವವರಿಗೆ ಆ ದಿನದ ಸಂಬಳ ಬೇರೆ ಕಡೆಯಿಂದ ಬರುತ್ತದೆಯೇ? ಬರುವುದಾದರೆ ಅವರು ಉಚಿತವಾಗಿ ಮಾತಾಡಲಿ, ಅದು ಒಳ್ಳೆಯ ಸಂಪ್ರದಾಯ. ಬಾರದಿದ್ದರೆ ಕನಿಷ್ಠ ಪ್ರಯಾಣದ ಖರ್ಚು, ಒಂದು ದಿನದ ದುಡಿಮೆಯಷ್ಟು ಹಣ ಕೊಡಲೇಬೇಕು. ಶಾಲಿನ ದುಡ್ಡು, ಹಾರದ ದುಡ್ಡು, ಹಣ್ಣಿನ ಬುಟ್ಟಿಯ ದುಡ್ಡು ಸೇರಿಸಿದರೆ ಅನೇಕ ಸಲ ಅದರಲ್ಲೇ ಅರ್ಧ ಆಗುತ್ತದೆ.

ಬರುವ ನವೆಂಬರಿನಲ್ಲಿ ನಿಮ್ಮ ಊರಿನಲ್ಲೂ ರಾಜ್ಯೋತ್ಸವ ನಡೆಯುತ್ತದೆ. ಯಾರನ್ನಾದರೂ ಕರೆಸುವುದಾದರೆ ಆಕಾಶವಾಣಿಯ ಹಾಗೆ ಒಂದು ಹಾಳೆಯಲ್ಲಿ, ಇಲ್ಲವಾದರೆ ವಾಟ್ಸ್ಯಾಪಿನಲ್ಲಾದರೂ ನಾಲ್ಕು ಸಾಲು ಬರೆದು ಕಳಿಸಿ. ವಿಷಯ ಇದು. ದಿನ, ಹೊತ್ತು ಇದು. ಪ್ರಯಾಣಕ್ಕೆ ಇಷ್ಟು ಕೊಡುತ್ತೇವೆ. ಗೌರವಧನ ಇಷ್ಟು. ಕೊಡಲು ಆಗದಿದ್ದರೆ ಆಗುವುದಿಲ್ಲ ಎಂದೇ ಬರೆಯಿರಿ, ಅದರಲ್ಲಿ ನಾಚಿಕೆ ಇಲ್ಲ. ಆಗ ಬರುವುದೋ ಬಿಡುವುದೋ ಅವರ ತೀರ್ಮಾನ. ನಿಮ್ಮನ್ನೇ ಯಾರಾದರೂ ಬೆಂಗಳೂರಿಗೆ ಮಾತಾಡಲು ಕರೆದರೆ, ಒಪ್ಪಿಕೊಳ್ಳುವ ಮುಂಚೆ ಈ ನಾಲ್ಕು ಸಾಲು ಕೇಳಿ ತರಿಸಿಕೊಳ್ಳಿ.